ಮೇಯರ್ಸ್ ಫಾರ್ ಪೀಸ್ ಸದಸ್ಯತ್ವ: ಊರಿಗೆ ಏನು ಸಿಗುತ್ತದೆ, ಅದರಲ್ಲಿ ಯಾವುದು ಉಳಿಯುತ್ತದೆ

ವರ್ಷಕ್ಕೆ 2,000 ಯೆನ್ ಚಂದಾ. ಹಿರೋಶಿಮಾದಲ್ಲಿ ಕಚೇರಿ ಇರುವ ‘ಮೇಯರ್ಸ್ ಫಾರ್ ಪೀಸ್’ ಜಾಲ ಒಂದು ನಗರದಿಂದ ಕೇಳುವುದು ಇಷ್ಟು. ಪ್ರತಿಯಾಗಿ ಸಿಗುವುದು ಸಣ್ಣದಲ್ಲ. ಅಣುಬಾಂಬ್ ಕುರಿತ ಪ್ರದರ್ಶನಕ್ಕೆ ಪೋಸ್ಟರುಗಳು, ಬಾಂಬಿನ ಬೆಂಕಿಯಲ್ಲೂ ಬದುಕುಳಿದ ಮರಗಳ ಬೀಜ ಅಥವಾ ಸಸಿ, ಮಕ್ಕಳ ಚಿತ್ರಸ್ಪರ್ಧೆ, ಇವೆಲ್ಲದರ ಜೊತೆಗೆ 166 ದೇಶ ಮತ್ತು ಪ್ರದೇಶಗಳ ಎಂಟು ಸಾವಿರಕ್ಕೂ ಹೆಚ್ಚು ನಗರಗಳ ಒಡನಾಟ. ಕೊಡುವ ಸಾಮಗ್ರಿ ಒಳ್ಳೆಯದು, ನಂಬಬಹುದಾದದ್ದು. ಅದನ್ನು ಪಡೆದ ಊರುಗಳು ಎಡವುವುದು ಆಯ್ಕೆಯಲ್ಲಿ. ಒಂದೇ ದಿನದಲ್ಲಿ ಮುಗಿದುಹೋಗುವ ಕಾರ್ಯಕ್ರಮಕ್ಕೆ ಎಲ್ಲ ಶಕ್ತಿ ಸುರಿದು, ಮರುದಿನವೂ ಕೆಲಸ ಕೇಳುವಂಥದ್ದನ್ನು ಕೈಬಿಡುತ್ತಾರೆ. ನಮ್ಮ ಲೆಕ್ಕದಲ್ಲಿ ಈ ಸದಸ್ಯತ್ವದ ಅತ್ಯಂತ ಬೆಲೆಬಾಳುವ ವಸ್ತು ಬೀಜ. ಅದಕ್ಕೇ ಅದನ್ನು ಕೊನೆಗಿಟ್ಟು ವಿವರವಾಗಿ ಬರೆದಿದ್ದೇವೆ.

ಜಾಲದ ಹುಟ್ಟು 1982ರಲ್ಲಿ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ನಿಶ್ಶಸ್ತ್ರೀಕರಣಕ್ಕಾಗಿ ಕರೆದಿದ್ದ ಎರಡನೇ ವಿಶೇಷ ಅಧಿವೇಶನದಲ್ಲಿ, ಜೂನ್ 24ರಂದು, ಹಿರೋಶಿಮಾದ ಆಗಿನ ಮೇಯರ್ ತಕೇಶಿ ಅರಾಕಿ ಜಗತ್ತಿನ ನಗರಗಳು ದೇಶದ ಗಡಿ ದಾಟಿ ಒಂದಾಗಬೇಕೆಂದು ಕರೆ ಕೊಟ್ಟರು. ಈಗಿನ ಹೆಸರು ಬಂದದ್ದು 2001ರಲ್ಲಿ. ಅಧ್ಯಕ್ಷ ಸ್ಥಾನ ಹಿರೋಶಿಮಾದ ಮೇಯರ್ ಅವರದು.

ಸೇರುವುದು ಸುಲಭ. ಮೇಯರ್ ಸಹಿ ಮಾಡಿದ ಮನವಿಪತ್ರ ಹಿರೋಶಿಮಾಕ್ಕೆ ಹೋದರೆ ಆಯಿತು. ಕಷ್ಟ ಶುರುವಾಗುವುದು ಆಮೇಲೆ. ಸದಸ್ಯತ್ವ ನಗರದ್ದು, ಆದರೆ ಕಡತ ಇರುವುದು ಮೇಯರ್ ಅವರ ಆಪ್ತ ಕಚೇರಿಯಲ್ಲಿ. ಚುನಾವಣೆ ಮುಗಿದು ಮೇಯರ್ ಬದಲಾದರೆ ಕಡತ ಬೀರುವಿನ ಪಾಲು. ಜಾಲದ ಪತ್ರಗಳು ಮುಚ್ಚಿಹೋದ ಮಿಂಚಂಚೆ ವಿಳಾಸಕ್ಕೆ ಹೋಗುತ್ತಲೇ ಇರುತ್ತವೆ, ಊರು ತಾನು ಸದಸ್ಯ ಎಂಬುದನ್ನೇ ಮರೆಯುತ್ತದೆ. ಆದ್ದರಿಂದ ಸೇರುವ ದಿನವೇ ಎರಡು ಕೆಲಸ ಮಾಡಿ. ಒಂದು, ಸಂಪರ್ಕಕ್ಕೆ ವ್ಯಕ್ತಿಯ ಹೆಸರಿನ ಬದಲು ಹುದ್ದೆಯ ಮಿಂಚಂಚೆ ಕೊಡಿ. ಗ್ರಂಥಾಲಯ ಅಥವಾ ಉದ್ಯಾನ ವಿಭಾಗದ್ದಾದರೆ ಇನ್ನೂ ಒಳ್ಳೆಯದು. ಎರಡು, ಚಂದಾ ಹಣವನ್ನು ವಾರ್ಷಿಕ ಬಜೆಟ್ಟಿನಲ್ಲಿ ಒಂದು ಸಾಲಾಗಿ ಬರೆಸಿ. ಮೊತ್ತ ಎಷ್ಟೇ ಚಿಕ್ಕದಿರಲಿ, ಬಜೆಟ್ಟಿನ ಸಾಲು ವರ್ಷಕ್ಕೊಮ್ಮೆ ಯಾರಾದರೂ ಒಬ್ಬರ ಕಣ್ಣಿಗೆ ಬೀಳುತ್ತದೆ.

ಇನ್ನು ದಿನ ಮತ್ತು ಗಂಟೆ. ಹಿರೋಶಿಮಾದ ಮೇಲೆ ಬಾಂಬ್ ಸಿಡಿದದ್ದು 1945ರ ಆಗಸ್ಟ್ 6ರಂದು ಬೆಳಿಗ್ಗೆ 8:15ಕ್ಕೆ, ನಾಗಾಸಾಕಿಯ ಮೇಲೆ ಆಗಸ್ಟ್ 9ರಂದು 11:02ಕ್ಕೆ. ಇವು ಜಪಾನಿನ ಗಂಟೆಗಳು. ‘ಜಗತ್ತಿನೊಂದಿಗೆ ಅದೇ ಕ್ಷಣದಲ್ಲಿ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವ ಮುನ್ನ ಲೆಕ್ಕ ಹಾಕಿ. ಜಪಾನಿನ 8:15 ಎಂದರೆ ನ್ಯೂಯಾರ್ಕಿನಲ್ಲಿ ಹಿಂದಿನ ದಿನ, ಅಂದರೆ ಆಗಸ್ಟ್ 5ರ ಸಂಜೆ 7:15. ಪ್ಯಾರಿಸ್ಸಿನಲ್ಲಿ 6ರ ನಡುರಾತ್ರಿ ಕಳೆದು 1:15. ತಮ್ಮ ತಮ್ಮ ಊರಿನ 8:15ಕ್ಕೆ ಗಂಟೆ ಬಾರಿಸುವುದು ತಪ್ಪೇನಲ್ಲ. ಆಗ ‘ಅದೇ ಕ್ಷಣ’ ಎಂಬ ಮಾತನ್ನು ತೆಗೆದುಬಿಡಿ. ಉತ್ತರದ ಬಹುತೇಕ ದೇಶಗಳಲ್ಲಿ ಆಗಸ್ಟ್ ಶಾಲಾ ರಜೆಯ ತಿಂಗಳು ಎಂಬುದೂ ನೆನಪಿರಲಿ. ಮಕ್ಕಳು ಬರಬೇಕಿದ್ದರೆ ಸೆಪ್ಟೆಂಬರ್ 21ರ ಅಂತರರಾಷ್ಟ್ರೀಯ ಶಾಂತಿ ದಿನದಿಂದ 26ರ ಅಣ್ವಸ್ತ್ರಗಳ ಸಂಪೂರ್ಣ ನಿರ್ಮೂಲನಾ ದಿನದವರೆಗಿನ ವಾರ ಹೆಚ್ಚು ಅನುಕೂಲ.

ಹಿರೋಶಿಮಾದ ಸಮಾರಂಭದಿಂದ ಬೇರೆ ಊರುಗಳು ಕಲಿಯಬೇಕಾದ ಒಂದು ಆಚರಣೆ ಇದೆ. ಸ್ಮಾರಕದ ಮುಂದೆ ನೀರನ್ನು ಅರ್ಪಿಸುತ್ತಾರೆ. ಮೈ ಸುಟ್ಟವರು ನೀರು, ನೀರು ಎನ್ನುತ್ತಲೇ ಪ್ರಾಣ ಬಿಟ್ಟಿದ್ದರು. ಆ ಬಾಯಾರಿಕೆಗೆ ಇಂದಿಗೂ ಸಲ್ಲುವ ನೀರು ಅದು. ಒಂದು ಬಟ್ಟಲು ನೀರಿಗೆ ಪರವಾನಗಿ ಬೇಡ, ಖರ್ಚಿಲ್ಲ, ಬೆಂಕಿಯ ಭಯವಿಲ್ಲ. ಭಾಷಣ ನಾಲ್ಕಿದ್ದರೆ ಮೂರನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಈ ಬಟ್ಟಲಿಡಿ.

ಪೋಸ್ಟರುಗಳ ಗುಣಮಟ್ಟದ ಬಗ್ಗೆ ದೂರಿಲ್ಲ. ಕೆಡುವುದು ಮುದ್ರಣದಲ್ಲಿ ಮತ್ತು ಗೋಡೆಯಲ್ಲಿ. ಹೊಳಪಿನ ಲ್ಯಾಮಿನೇಶನ್ ಮಾಡಿಸಿದರೆ ಸಭಾಂಗಣದ ದೀಪ ಅದರಲ್ಲಿ ಪ್ರತಿಫಲಿಸಿ ಅರ್ಧ ಚಿತ್ರ ಕಾಣುವುದೇ ಇಲ್ಲ. ಮ್ಯಾಟ್ ಕಾಗದವೇ ಆಗಬೇಕು. ತೆಳು ಕಾಗದ ಎರಡೇ ದಿನದಲ್ಲಿ ಅಂಚು ಸುರುಳುತ್ತದೆ. 5 ಮಿ.ಮೀ. ಫೋಮ್ ಬೋರ್ಡಿಗೆ ಅಂಟಿಸಿದರೆ ಮುಂದಿನ ವರ್ಷಕ್ಕೂ ಬರುತ್ತದೆ. ಚಿತ್ರದ ನಡುಭಾಗ ನೆಲದಿಂದ 145–150 ಸೆಂ.ಮೀ. ಎತ್ತರದಲ್ಲಿರಲಿ, ಶಾಲಾ ಮಕ್ಕಳಿಗೆಂದೇ ಇಟ್ಟದ್ದಾದರೆ 120 ಸಾಕು. ಪೋಸ್ಟರಿನ ಎದುರು ಒಂದೂವರೆ ಮೀಟರ್ ಜಾಗ ಬಿಡದಿದ್ದರೆ ಓದುವವರನ್ನು ದಾಟುವವರು ತಳ್ಳುತ್ತಾರೆ. ಚಿತ್ರದಡಿಯ ಛಾಯಾಗ್ರಾಹಕರ ಮತ್ತು ಸಂಗ್ರಹಾಲಯದ ಹೆಸರನ್ನು ಯಾವ ಕಾರಣಕ್ಕೂ ಕತ್ತರಿಸಬಾರದು.

ಸುಟ್ಟ ಮೈಗಳ ಚಿತ್ರಗಳನ್ನು ಪ್ರವೇಶದ್ವಾರದಲ್ಲೇ ಹಾಕುವುದು ನಾವು ಕಂಡ ದೊಡ್ಡ ತಪ್ಪು. ನೋಡುವವರು ಬಾಗಿಲಲ್ಲೇ ಮುಖ ತಿರುಗಿಸುತ್ತಾರೆ. ಮೊದಲು ಬಾಂಬಿಗೆ ಮುಂಚಿನ ಊರು ಕಾಣಲಿ: ಅಂಗಡಿ ಬೀದಿ, ಟ್ರಾಮು, ಶಾಲೆ. ಆಮೇಲೆ ಆ ಬೆಳಿಗ್ಗೆ. ಗಾಯಗಳ ಚಿತ್ರಗಳನ್ನು ಪ್ರತ್ಯೇಕ ಮೂಲೆಯಲ್ಲಿ, ಮುಂಚಿತ ಸೂಚನೆಯ ಫಲಕದೊಂದಿಗೆ ಇಡಿ. ಮುಚ್ಚಿಡುವುದು ಸರಿಯಲ್ಲ, ಎದುರಿಗೆ ರಾಚುವುದೂ ಸರಿಯಲ್ಲ. 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಾಸಾಕಿಯಲ್ಲಿ ಸುಮಾರು 74,000 ಜನ ಸತ್ತರು ಎಂಬ ಸಂಖ್ಯೆ ಬರುವಲ್ಲಿ ನಿಮ್ಮ ಊರಿನ ನಕ್ಷೆಯೊಂದನ್ನು ಸೇರಿಸಿ, ಪೇಟೆಯ ನಡುವನ್ನು ಕೇಂದ್ರವಾಗಿಟ್ಟು 2 ಕಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಜನ ಅತಿ ಹೆಚ್ಚು ಹೊತ್ತು ನಿಲ್ಲುವುದು ಆ ನಕ್ಷೆಯ ಮುಂದೆ. ಬೆರಳಿಟ್ಟು ತಮ್ಮ ಮನೆ ಹುಡುಕುತ್ತಾರೆ.

ಕಾಗದದ ಕೊಕ್ಕರೆ ಎಲ್ಲ ಊರಿಗೂ ಮೊದಲು ಹೊಳೆಯುವ ಕಾರ್ಯಕ್ರಮ. ಎರಡನೇ ವಯಸ್ಸಿನಲ್ಲಿ ಬಾಂಬಿನ ವಿಕಿರಣಕ್ಕೆ ಸಿಕ್ಕು ಆಸ್ಪತ್ರೆಯಲ್ಲಿ ಇಂಥ ಕೊಕ್ಕರೆ ಮಡಿಸುತ್ತಲೇ 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸದಾಕೊ ಸಸಾಕಿ ಎಂಬ ಹುಡುಗಿಯ ನೆನಪಿನದು. 15 ಸೆಂ.ಮೀ. ಚೌಕ ಕಾಗದ, ದಾರಕ್ಕೆ 40ರಂತೆ 25 ದಾರ, ಒಟ್ಟು ಸಾವಿರ. ಕೈ ಪಳಗಿದವರಿಗೂ ಒಂದಕ್ಕೆ ಎರಡು ಮೂರು ನಿಮಿಷ ಹಿಡಿಯುವುದರಿಂದ ಸಾವಿರಕ್ಕೆ ನಲವತ್ತು ಗಂಟೆ ದುಡಿಮೆ ಲೆಕ್ಕವಿರಲಿ. ಒಂದು ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ. ದಾರದ ತುದಿಗೆ ಮಣಿ ಕಟ್ಟದಿದ್ದರೆ ಎತ್ತಿದ ಕೂಡಲೇ ಎಲ್ಲ ಜಾರಿ ಬೀಳುತ್ತವೆ. ಮಕ್ಕಳ ಕೈಗೆ ಇದು ಒಳ್ಳೆಯ ಕೆಲಸ. ಆದರೆ ಊರಿನ ಏಕೈಕ ಕಾರ್ಯಕ್ರಮ ಇದೇ ಆದರೆ ಸದಾಕೊಳ ಕಾಯಿಲೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಣ್ಣದ ಕಾಗದದಡಿ ಮುಚ್ಚಿಹೋಗುತ್ತದೆ.

ನದಿಯಲ್ಲಿ ಕಾಗದದ ತೇಲುದೀಪ ಬಿಡುವುದಾದರೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು, ಕೆಳಹರಿವಿನಲ್ಲಿ ಅಡ್ಡಹಗ್ಗ ಕಟ್ಟಬೇಕು, ಅದೇ ರಾತ್ರಿ ಎಲ್ಲವನ್ನೂ ಎತ್ತಿ ಎಣಿಸಬೇಕು. ಬಿಟ್ಟದ್ದೆಷ್ಟು, ಎತ್ತಿದ್ದೆಷ್ಟು ಎಂಬ ಲೆಕ್ಕ ಸರಿಹೋಗದಿದ್ದರೆ ಬೆಳಿಗ್ಗೆ ನದಿ ದಂಡೆಯಲ್ಲಿ ಒದ್ದೆ ಕಾಗದ ಸಿಗುತ್ತದೆ, ಮುಂದಿನ ವರ್ಷ ಪರವಾನಗಿ ಸಿಗುವುದಿಲ್ಲ.

ಜರ್ಮನಿಯ ಊರುಗಳು ರೂಢಿಸಿಕೊಂಡಿರುವ ಧ್ವಜದಿನ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು. ಜುಲೈ 8ರಂದು ನಗರಸಭೆಗಳ ಎದುರು ಈ ಜಾಲದ ಧ್ವಜ ಏರುತ್ತದೆ. 1996ರ ಅದೇ ದಿನ ಅಂತರರಾಷ್ಟ್ರೀಯ ನ್ಯಾಯಾಲಯ, ಅಣ್ವಸ್ತ್ರದ ಬಳಕೆ ಮತ್ತು ಬಳಸುವ ಬೆದರಿಕೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂಬ ಅಭಿಪ್ರಾಯ ಕೊಟ್ಟಿತ್ತು. ದೇಶದ ಅಳಿವು ಉಳಿವಿನ ಆತ್ಮರಕ್ಷಣೆಯ ಸಂದರ್ಭದಲ್ಲಿ ಹೇಗೆ ಎಂಬುದನ್ನು ಅದು ತೀರ್ಮಾನಿಸಲಿಲ್ಲ. ಆದರೆ ನಿಶ್ಶಸ್ತ್ರೀಕರಣದ ಮಾತುಕತೆ ನಡೆಸಿ ಮುಗಿಸುವುದು ದೇಶಗಳ ಬಾಧ್ಯತೆ ಎಂಬುದರಲ್ಲಿ ನ್ಯಾಯಾಧೀಶರೆಲ್ಲ ಒಮ್ಮತಕ್ಕೆ ಬಂದರು. ಧ್ವಜ ಏರಿಸುವವರು ಈ ಮೂರೂ ಮಾತನ್ನು ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಕಾನೂನು ಗೊತ್ತಿರುವ ಒಬ್ಬರ ಒಂದೇ ಪ್ರಶ್ನೆಗೆ ಸಭೆ ತಡವರಿಸುತ್ತದೆ.

ಧ್ವಜದ ಜೊತೆ ಠರಾವು ಬೇಕೇ ಬೇಕು. ಇದು ಈ ಜಾಲದ ಆಚೆ, 2017ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಐಕ್ಯಾನ್ ಎಂಬ ಅಣ್ವಸ್ತ್ರವಿರೋಧಿ ಸಂಘಟನೆಯ ‘ನಗರಗಳ ಮನವಿ’ ಮೂಲಕ ಸಿಗುವ ಸೌಲಭ್ಯ. ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ನಮ್ಮ ದೇಶವೂ ಸೇರಲಿ ಎಂದು ನಗರ ತನ್ನ ಸರ್ಕಾರವನ್ನು ಕೇಳುತ್ತದೆ. ಒಪ್ಪಂದ ಜಾರಿಗೆ ಬಂದದ್ದು 2021ರ ಜನವರಿ 22ರಂದು. ಪ್ಯಾರಿಸ್, ಬರ್ಲಿನ್, ವಾಷಿಂಗ್ಟನ್, ಟೊರಾಂಟೊ, ಸಿಡ್ನಿಯಂಥ ನಗರಗಳು ಈ ಮನವಿಗೆ ದನಿಗೂಡಿಸಿವೆ, ಅವುಗಳ ದೇಶಗಳು ಇನ್ನೂ ಸೇರಿಲ್ಲ. ನಗರಕ್ಕೆ ಸೈನ್ಯವಿಲ್ಲ, ವಿದೇಶಾಂಗ ಖಾತೆಯಿಲ್ಲ. ಹಾಗಿದ್ದೂ ಅದರ ಬಳಿ ನೌಕರರ ಪಿಂಚಣಿ ನಿಧಿ ಇರುತ್ತದೆ. ನ್ಯೂಯಾರ್ಕ್ ನಗರದ ಪರಿಷತ್ತು 2021ರ ಡಿಸೆಂಬರಿನಲ್ಲಿ, ಅಣ್ವಸ್ತ್ರ ತಯಾರಿಸುವ ಕಂಪನಿಗಳಿಂದ ಪಿಂಚಣಿ ಹಣವನ್ನು ಹಿಂದೆಗೆಯಬೇಕೆಂದು ಕೇಳಿತು. ನಿಮ್ಮ ಠರಾವಿನಲ್ಲೂ ನಗರದ ಸ್ವಂತ ಅಧಿಕಾರಕ್ಕೆ ಒಳಪಟ್ಟ ಇಂಥ ಒಂದು ಕಲಮು, ಅದಕ್ಕೊಂದು ಗಡುವು ಇರಲಿ. ಮೇಯರ್ ಪತ್ರಕ್ಕಿಂತ ಸದಸ್ಯರ ಮತದಿಂದ ಅಂಗೀಕಾರವಾದ ಠರಾವು ಗಟ್ಟಿ, ಏಕೆಂದರೆ ಅದನ್ನು ಕೈಬಿಡಬೇಕಾದರೂ ಸಭೆಯಲ್ಲೇ ಎದ್ದುನಿಂತು ಮಾತಾಡಬೇಕಾಗುತ್ತದೆ.

ಮಕ್ಕಳ ಚಿತ್ರಸ್ಪರ್ಧೆ 6ರಿಂದ 15 ವರ್ಷದವರಿಗೆ, ವಿಷಯ ‘ಶಾಂತಿಯ ಊರು’. ಶಾಲೆಗಳಿಗೆ ಗಡುವಿಗಿಂತ ಎರಡು ತಿಂಗಳು ಮೊದಲೇ ತಿಳಿಸಿ, ಅಷ್ಟೇ.

ಈಗ ಬೀಜ. ಹಿರೋಶಿಮಾದಲ್ಲಿ ಬಾಂಬ್ ಸಿಡಿದ ಕೇಂದ್ರದಿಂದ ಸುಮಾರು 2 ಕಿ.ಮೀ. ಒಳಗೆ ಬದುಕುಳಿದ ಮರಗಳು ಇಂದಿಗೂ ನೂರೈವತ್ತಕ್ಕಿಂತ ಹೆಚ್ಚಿವೆ. ಅವುಗಳಿಗೆ ಹಿಬಾಕುಜುಮೊಕು ಎಂದು ಹೆಸರು. ಈಗ ಶಾಂತಿ ಉದ್ಯಾನದಲ್ಲಿರುವ ಅವೊಗಿರಿ ಮರ ಆಗ ಕೇಂದ್ರದಿಂದ 1.3 ಕಿ.ಮೀ. ದೂರದಲ್ಲಿತ್ತು, ಸ್ಫೋಟದ ಕಡೆಗಿದ್ದ ಕಾಂಡದ ಮೈ ಸುಟ್ಟು ಟೊಳ್ಳಾಯಿತು, ಆದರೂ ಮುಂದಿನ ವಸಂತದಲ್ಲಿ ಚಿಗುರಿತು. ಒಂದು ಕಾಲು ಕಳೆದುಕೊಂಡಿದ್ದ ಸುಜುಕೊ ನುಮಾತಾ ಆ ಚಿಗುರನ್ನು ಕಂಡು ಬದುಕಲು ಮನಸ್ಸು ಮಾಡಿ, ಮುಂದೆ ಅದೇ ಮರದಡಿ ನಿಂತು ಮಕ್ಕಳಿಗೆ ತಮ್ಮ ಕಥೆ ಹೇಳಿದರು. ಇಂಥ ಮರಗಳ ಬೀಜ ಸದಸ್ಯ ನಗರಗಳಿಗೆ ಸಿಗುತ್ತದೆ. 2011ರಲ್ಲಿ ಶುರುವಾದ ‘ಗ್ರೀನ್ ಲೆಗಸಿ ಹಿರೋಶಿಮಾ’ ಎಂಬ ಯೋಜನೆ ಕೂಡ ಸಸ್ಯೋದ್ಯಾನ, ವಿಶ್ವವಿದ್ಯಾಲಯಗಳಿಗೆ ಬೀಜ ಕಳುಹಿಸುತ್ತದೆ.

ಮೊದಲು ಹವೆ ನೋಡಿ ಜಾತಿ ಆರಿಸಿ. ಗಟ್ಟಿ ಹಿಮ ಬೀಳುವಲ್ಲಿ ಕರ್ಪೂರದ ಮರ ಉಳಿಯದು. ಪೂರ್ವ ಆಸ್ಟ್ರೇಲಿಯಾದಲ್ಲಿ ಅದೇ ಮರ ಕಾಡಿಗೆ ನುಗ್ಗುವ ಕಳೆ. ಚಳಿಗಾಲವಿರುವ ಹೆಚ್ಚಿನ ಊರುಗಳಿಗೆ ಗಿಂಕ್ಗೊ ಎಂಬ ಮರ ಹೊಂದುತ್ತದೆ. ಮ್ಯಾಂಚೆಸ್ಟರ್ 1980ರಲ್ಲಿ ತನ್ನನ್ನು ಅಣ್ವಸ್ತ್ರಮುಕ್ತ ನಗರವೆಂದು ಘೋಷಿಸಿಕೊಂಡ ಊರು. ಅಲ್ಲಿ ಹಿರೋಶಿಮಾದ ಬೀಜದಿಂದ ಬೆಳೆಸಿರುವುದೂ ಗಿಂಕ್ಗೊವನ್ನೇ. ಬೀಜ ಹೊರಡುವ ಮುನ್ನ ಸಸ್ಯಆರೋಗ್ಯ ಪ್ರಮಾಣಪತ್ರ, ನಿಮ್ಮ ದೇಶದ ಆಮದು ಪರವಾನಗಿ ಎರಡೂ ಕೈಯಲ್ಲಿರಬೇಕು. ಮಣ್ಣು ಅಂಟಿದ ಸಸಿ ತರಿಸುವುದು ಇನ್ನೂ ತೊಡಕು, ಬೀಜವೇ ಲೇಸು. ಕಾಗದಪತ್ರ ತಡವಾಗಿ ಬೀಜ ಸುಂಕದ ಗೋದಾಮಿನಲ್ಲಿ ಒಣಗಿದರೆ ಮೊಳೆಯುವ ಆಸೆ ಬಿಡಬೇಕು.

ಉದುರುವ ಹೊತ್ತಿಗೆ ಗಿಂಕ್ಗೊ ಬೀಜದೊಳಗಿನ ಭ್ರೂಣ ಪೂರ್ತಿ ಬಲಿತಿರುವುದಿಲ್ಲ. ಆದ್ದರಿಂದ ಒದ್ದೆ ಮರಳಿನಲ್ಲಿ ಒಂದೆರಡು ತಿಂಗಳು ಬೆಚ್ಚಗೆ, ಆಮೇಲೆ ಒಂದೆರಡು ತಿಂಗಳು ಫ್ರಿಜ್ಜಿನಲ್ಲಿ 4–5 ಡಿಗ್ರಿಯಲ್ಲಿ ಇಡಬೇಕು. ಮರಳನ್ನು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಹೆಚ್ಚಾದರೆ ಬೂಷ್ಟು. ಬಳಿಕ 2–3 ಸೆಂ.ಮೀ. ಆಳದಲ್ಲಿ ಬಿತ್ತಿ. ತಾಯಿಬೇರು ನೇರ ಇಳಿಯುವುದರಿಂದ ಕುಂಡ 25–30 ಸೆಂ.ಮೀ. ಆಳವಿರಲಿ, ಗಿಡ್ಡ ಕುಂಡದಲ್ಲಿ ಬೇರು ಸುತ್ತಿಕೊಂಡು, ನೆಲಕ್ಕೆ ಹೋದ ಮೇಲೂ ಸುತ್ತುತ್ತಲೇ ಇರುತ್ತದೆ. ಒಂದು ಮರ ಬೇಕೆಂದರೆ ಹತ್ತು ಬೀಜದ ಲೆಕ್ಕ ಹಾಕಿ. ಮೊಳೆತ ಸಸಿಗಳನ್ನು ಎರಡು ಬೇರೆ ಜಾಗಗಳಲ್ಲಿ ಸಾಕಿ, ಒಂದು ಕಡೆ ರೋಗ ಬಂದರೆ ಇನ್ನೊಂದು ಉಳಿಯುತ್ತದೆ. ಮೂರು ನಾಲ್ಕು ವರ್ಷ ಕುಂಡದಲ್ಲೇ.

ಆಗಸ್ಟ್ 6ರಂದು ನೆಡಬೇಡಿ. ಭೂಮಿಯ ಉತ್ತರಾರ್ಧದಲ್ಲಿ ಅದು ಎಲೆ ತುಂಬಿದ ಬೇಸಿಗೆ, ಕಿತ್ತು ನೆಟ್ಟ ಸಸಿ ವಾರದೊಳಗೆ ಬಾಡುತ್ತದೆ. ಎಲೆ ಉದುರಿದ ಮೇಲೆ ಸದ್ದಿಲ್ಲದೆ ನೆಟ್ಟು, ಬೇರೂರಿದ ಗಿಡದ ಸುತ್ತ ಆಗಸ್ಟಿನಲ್ಲಿ ಸೇರಿ. ಗಿಂಕ್ಗೊ ಗಂಡೋ ಹೆಣ್ಣೋ ತಿಳಿಯಲು ಇಪ್ಪತ್ತು ವರ್ಷವಾದರೂ ಬೇಕು, ಹೆಣ್ಣಾದರೆ ಬೀಜದ ಸಿಪ್ಪೆ ಕೆಟ್ಟ ವಾಸನೆ ಬೀರುತ್ತದೆ. ಕಾಲುದಾರಿಯಿಂದ, ವಿದ್ಯುತ್ ತಂತಿಯಿಂದ ದೂರವೇ ಇರಲಿ. ಮೊದಲ ಮೂರು ಬೇಸಿಗೆ ವಾರಕ್ಕೆ 20 ಲೀಟರ್ ನೀರು, ಉಣಿಸುವವರ ಹೆಸರು ಉದ್ಯಾನ ವಿಭಾಗದ ಪಟ್ಟಿಯಲ್ಲಿ. ಇಂಥ ಸಸಿಗಳು ಸಾಯುವುದು ಬಹುಪಾಲು ನೀರುಣಿಸುವುದು ನಿಂತುಹೋಗಿ, ಇಲ್ಲವೇ ಹುಲ್ಲು ಕತ್ತರಿಸುವ ಯಂತ್ರ ಬುಡದ ತೊಗಟೆ ಕೊಯ್ದು. ಬುಡದ ಸುತ್ತ ಒಂದು ಮೀಟರ್ ಹುಲ್ಲು ತೆಗೆದು ಒಣ ಎಲೆ ಹೊದಿಸಿದರೆ ಎರಡಕ್ಕೂ ಮದ್ದು.

ಫಲಕದ ಮೇಲೆ ನಗರಸಭೆ ಸದಸ್ಯರ ಹೆಸರುಗಳ ಬದಲು ತಾಯಿಮರ ಯಾವುದು, ಸ್ಫೋಟದ ಕೇಂದ್ರದಿಂದ ಅದು ಎಷ್ಟು ದೂರ, ಬೀಜ ಬಿತ್ತಿದ ದಿನ, ಠರಾವಿನ ಸಂಖ್ಯೆ ಬರೆಸಿ. ತಂತಿಯಿಂದ ಕಾಂಡಕ್ಕೆ ಕಟ್ಟಬೇಡಿ, ಮರ ದಪ್ಪಗಾದಂತೆ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ. ಬೇರೆ ಗೂಟ ನೆಟ್ಟು, ಬುಡದಿಂದ ಒಂದು ಮೀಟರ್ ಆಚೆ ನಿಲ್ಲಿಸಿ.