ಪ್ಲಾಸ್ಮಾಗೆ ಯಾವ ಬಿಸಿ ಕ್ಯಾಥೋಡ್? ಮೂರನ್ನೂ ಹಾಕಿ ನೋಡಿದ ಮೇಲೆ

ಆರ್ಗಾನ್ ಪ್ಲಾಸ್ಮಾಗೆ, ಅಂದರೆ ಅಯಾನು ಮತ್ತು ಎಲೆಕ್ಟ್ರಾನ್ ಆಗಿ ಒಡೆದ ಆರ್ಗಾನ್ ಗ್ಯಾಸಿಗೆ, ಎಲೆಕ್ಟ್ರಾನ್ ಒದಗಿಸಲು ಒಂದೇ ಚೇಂಬರಿನಲ್ಲಿ ಮೂರು ಬಿಸಿ ಕ್ಯಾಥೋಡ್ (ಕಾಯಿಸಿದಾಗ ಎಲೆಕ್ಟ್ರಾನ್ ಸೂಸುವ ಎಲೆಕ್ಟ್ರೋಡ್) ಬಳಸಿ ನೋಡಿದ್ದೇನೆ. ನನ್ನ ಆಯ್ಕೆ ಲ್ಯಾಂಥನಮ್ ಹೆಕ್ಸಾಬೋರೈಡ್. ಆದರೆ ಅದನ್ನು ಒಪ್ಪಿಕೊಳ್ಳಲು ನನಗೆ ಸಮಯ ಬೇಕಾಯಿತು.

ಶುರು ಮಾಡಿದ್ದು ಟಂಗ್‌ಸ್ಟನ್ ತಂತಿಯಿಂದ. ಎಲೆಕ್ಟ್ರಾನ್ ಹೊರಬರಲು ಬೇಕಾದ ಶಕ್ತಿ, ಅಂದರೆ ವರ್ಕ್ ಫಂಕ್ಷನ್, ಇದರಲ್ಲಿ 4.5 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ 2500 ಕೆಲ್ವಿನ್‌ಗೆ ಕಾಯಿಸಿದರೂ ಚದರ ಸೆಂಟಿಮೀಟರಿಗೆ ಸಿಗುವುದು ಸುಮಾರು 0.3 ಆಂಪಿಯರ್. ಇನ್ನೊಂದು 100 ಕೆಲ್ವಿನ್ ಏರಿಸಿದರೆ ಅದು ಎರಡು ಪಟ್ಟು ದಾಟುತ್ತದೆ, ಆದರೆ ತಂತಿ ಬೇಗ ಸವೆಯುತ್ತದೆ. ನನ್ನ ತಂತಿಗಳೆಲ್ಲ ನೆಗೆಟಿವ್ ತುದಿಯ ಹತ್ತಿರವೇ ತುಂಡಾದವು. ಕಾಯಿಸುವ ಕರೆಂಟಿನ ಜೊತೆ ಡಿಸ್ಚಾರ್ಜ್ ಕರೆಂಟೂ (ಪ್ಲಾಸ್ಮಾ ಮೂಲಕ ಹರಿಯುವುದು) ಅಲ್ಲೇ ಸೇರುತ್ತದೆ, ಅಯಾನುಗಳ ಹೊಡೆತವೂ ಅಲ್ಲೇ ಜೋರು. ಆಗಾಗ ತುದಿ ಅದಲು ಬದಲು ಮಾಡಿದ ಮೇಲೆ ತಂತಿ ಹೆಚ್ಚು ದಿನ ಬಾಳಿತು.

ಬೇರಿಯಂ ಆಕ್ಸೈಡ್ ಲೇಪನಕ್ಕೆ ಸುಮಾರು 1100 ಕೆಲ್ವಿನ್ ಸಾಕು, ಮಂದ ಕೆಂಪು ಅಷ್ಟೇ. ಮೊದಲ ದಿನ ತುಂಬಾ ಖುಷಿಯಾಗಿತ್ತು. ಪ್ಲಾಸ್ಮಾ ಅಳೆಯುವ ಪ್ರೋಬ್ ಬದಲಿಸಲು ಚೇಂಬರ್ ತೆರೆದೆ, ಗಾಳಿಯ ತೇವ ಲೇಪನಕ್ಕೆ ಹತ್ತಿತು, ಮೊದಲಿನ ಕರೆಂಟ್ ಮತ್ತೆ ಬರಲೇ ಇಲ್ಲ. ಟ್ಯೂಬ್‌ಲೈಟಿನ ಸುರುಳಿಗೂ ಇಂಥದ್ದೇ ಲೇಪನ ಇರುತ್ತದೆ. ಅಲ್ಲಿ ವರ್ಷಗಟ್ಟಲೆ ಬಾಳುವುದು ಟ್ಯೂಬ್ ಮುಚ್ಚಿರುವುದರಿಂದ. ಪದೇ ಪದೇ ತೆರೆಯುವ ಚೇಂಬರಿಗೆ ಇದು ಬೇಡ.

ಲ್ಯಾಂಥನಮ್ ಹೆಕ್ಸಾಬೋರೈಡಿನ ಗುಣವನ್ನು ವಿಜ್ಞಾನಿ ಲ್ಯಾಫರ್ಟಿ 1951ರಲ್ಲೇ ಬರೆದಿಟ್ಟಿದ್ದರು. ವರ್ಕ್ ಫಂಕ್ಷನ್ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. 1900 ಕೆಲ್ವಿನ್‌ನಲ್ಲಿ ಚದರ ಸೆಂಟಿಮೀಟರಿಗೆ 9 ಆಂಪಿಯರ್ ಹತ್ತಿರ ಕೊಡುತ್ತದೆ. ಅದೇ ಬಿಸಿಯಲ್ಲಿ ಟಂಗ್‌ಸ್ಟನ್ ಒಂದು ಮಿಲಿಆಂಪಿಯರ್ ಕೂಡ ಕೊಡಲ್ಲ! ತಣ್ಣಗಾದ ಮೇಲೆ ಚೇಂಬರ್ ತೆರೆದು ಮುಚ್ಚಿದರೂ ಮತ್ತೆ ಕೆಲಸಕ್ಕೆ ಬರುತ್ತದೆ. ಕಷ್ಟ ಇರುವುದು ಹಿಡಿಕೆಯಲ್ಲಿ. ಬಿಸಿಯಲ್ಲಿ ಇದರ ಬೋರಾನ್ ಲೋಹದೊಳಗೆ ನುಗ್ಗುತ್ತದೆ. ನನ್ನ ಮಾಲಿಬ್ಡಿನಮ್ ಕ್ಲಿಪ್ ಹಾಗೇ ಪುಡಿಯಾಯಿತು. ಗ್ರಾಫೈಟ್ ಹಿಡಿಕೆ ಹಾಕಿದ ಮೇಲೆ ಆ ಚಿಂತೆ ಹೋಯಿತು. ಕಾಯಿಸುವುದು ಮಾತ್ರ ನಿಧಾನವಾಗಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಇಷ್ಟಾದರೂ ಒಂದು ದಿನ ಎಷ್ಟು ಕಾಯಿಸಿದರೂ ಕರೆಂಟ್ ಏರಲಿಲ್ಲ. ಕ್ಯಾಥೋಡ್ ಕೆಟ್ಟಿದೆ ಅಂದುಕೊಂಡೆ. ತಪ್ಪು ಅದರದ್ದಲ್ಲ. ಹೊರಬಂದ ಎಲೆಕ್ಟ್ರಾನ್‌ಗಳ ಋಣ ಚಾರ್ಜನ್ನು ಸರಿದೂಗಿಸುವುದು ಪ್ಲಾಸ್ಮಾದಿಂದ ಬರುವ ಅಯಾನುಗಳು. ಅವು ಸಾಲದಾದಾಗ ಎಲೆಕ್ಟ್ರಾನ್‌ಗಳು ಮೇಲ್ಮೈ ಮುಂದೆಯೇ ಗುಂಪುಗೂಡಿ, ಹಿಂದೆ ಬರುವವನ್ನು ವಾಪಸ್ ತಳ್ಳುತ್ತವೆ. ಆಗ ಬಿಸಿ ಏರಿಸುವುದು ಸುಮ್ನೆ ದಂಡ. ಗ್ಯಾಸ್ ಸ್ವಲ್ಪ ಜಾಸ್ತಿ ಬಿಟ್ಟೆ, ಪ್ಲಾಸ್ಮಾ ದಟ್ಟವಾಯಿತು, ಕರೆಂಟ್ ತಾನೇ ಏರಿತು. ರಿಚರ್ಡ್‌ಸನ್ ಸೂತ್ರ (ಬಿಸಿ ಮತ್ತು ವರ್ಕ್ ಫಂಕ್ಷನ್ ನೋಡಿ ಕರೆಂಟ್ ಲೆಕ್ಕ ಹಾಕುವುದು) ಹೇಳುವುದು ಮೇಲ್ಮೈ ಎಷ್ಟು ಕೊಡಬಲ್ಲದು ಅಂತ ಮಾತ್ರ. ಪ್ಲಾಸ್ಮಾ ಎಷ್ಟು ತೆಗೆದುಕೊಳ್ಳುತ್ತದೆ ಅನ್ನುವುದು ಬೇರೆ ಲೆಕ್ಕ, ಅಲ್ವಾ?

ಟಂಗ್‌ಸ್ಟನ್ನನ್ನು ಪೂರ್ತಿ ಬಿಟ್ಟಿಲ್ಲ. ಪ್ಲಾಸ್ಮಾದ ವಿಭವ (ವೋಲ್ಟೇಜ್) ಅಳೆಯುವ ಎಮಿಸಿವ್ ಪ್ರೋಬಿಗೆ, ಅಂದರೆ ಕಾದು ಎಲೆಕ್ಟ್ರಾನ್ ಸೂಸುವ ಪ್ರೋಬಿಗೆ, ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಕುಣಿಕೆಯಾಗಿ ಬಾಗಿಸಬೇಕು. ಅದಕ್ಕೆ ಈಗಲೂ ಅದನ್ನೇ ಬಳಸುತ್ತೇನೆ.