ಎಂ.ಎಚ್. ಬೈಕಿಗೆ ಕೆ.ಎ. ಫಲಕ: ತಪಾಸಣೆ ಅಚ್ಚುಕಟ್ಟು, ತೆರಿಗೆ ತಲೆನೋವು

ಪುಣೆಯಲ್ಲಿ 2019ರಲ್ಲಿ ಕೊಂಡ ನನ್ನ ಪಲ್ಸರ್ 150 ಈಗ ಕರ್ನಾಟಕದ ಬೈಕು. ಕೆಲಸ ಬದಲಿಸಿ ಊರಿಗೆ ಮರಳಿದ ಮೇಲೆ ಮರುನೋಂದಣಿ ಮಾಡಿಸಿದೆ. ಆ ಸೇವೆ ಹೇಗಿದೆ ಎಂದು ಬರೆಯುತ್ತಿದ್ದೇನೆ.

ಮೊದಲು ನಿಯಮ. ಮೋಟಾರು ವಾಹನ ಕಾಯ್ದೆಯ 46ನೇ ಕಲಂ ಪ್ರಕಾರ ಒಂದು ರಾಜ್ಯದ ನೋಂದಣಿ ಇಡೀ ದೇಶಕ್ಕೆ ಸಾಕು. ಅದರ ಮಗ್ಗುಲಲ್ಲೇ ಇರುವ 47ನೆಯದು, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯಿರಿ ಎನ್ನುತ್ತದೆ. ಕೊಟ್ಟ ಕೈಯಲ್ಲೇ ಕಿತ್ತುಕೊಳ್ಳುವುದು ಎಂದರೆ ಇದೇ.

ಮಹಾರಾಷ್ಟ್ರದ ಕಡೆಯ ಕೆಲಸ ಸಲೀಸಾಗಿ ಮುಗಿಯಿತು. ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲ ಎನ್ನುವ ನಿರಾಕ್ಷೇಪಣಾ ಪತ್ರಕ್ಕೆ (ಎನ್.ಒ.ಸಿ.) ನಮೂನೆ 28ರಲ್ಲಿ ಅರ್ಜಿ. ಅದನ್ನು ಪರಿವಾಹನ್ ಜಾಲತಾಣದಲ್ಲೇ ತುಂಬಬಹುದು. ಬಾಕಿ ದಂಡ ಇರಬಾರದು, ವಿಮೆ ಚಾಲ್ತಿಯಲ್ಲಿರಬೇಕು, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಅನೇಕರಿಗೆ ಗೊತ್ತಿಲ್ಲದ ಮಾತೊಂದಿದೆ: 48ನೇ ಕಲಂ ಪ್ರಕಾರ 30 ದಿನಗಳೊಳಗೆ ಪತ್ರ ಕೊಡದೆ, ನಿರಾಕರಿಸಿದ್ದನ್ನೂ ತಿಳಿಸದೆ ಇದ್ದರೆ ಅದು ಸಿಕ್ಕಿದಂತೆಯೇ ಲೆಕ್ಕ. ಕೌಂಟರಿನಲ್ಲಿ ಈ ಕಲಮಿನ ಸಂಖ್ಯೆಯನ್ನು ಮೆಲ್ಲಗೆ ಉಚ್ಚರಿಸಿದರೂ ಕಡತಕ್ಕೆ ಜೀವ ಬರುತ್ತದೆ.

ನನಗೆ ನಿಜವಾಗಿ ಹಿಡಿಸಿದ್ದು ಇಲ್ಲಿನ ಆರ್.ಟಿ.ಒ. ಕಚೇರಿಯ ತಪಾಸಣೆ. ನಾನು ಟೂಲ್ ರೂಮಿನಲ್ಲಿ ಕೆಲಸ ಮಾಡುವವನು, ಲೋಹದ ಮೇಲೆ ಪಂಚ್ ಹೊಡೆದ ಅಕ್ಷರ ನೋಡುವುದೇ ನನ್ನ ಅನ್ನ. ಹ್ಯಾಂಡಲಿನ ಕೆಳಗೆ ಚಾಸಿಯ ಕುತ್ತಿಗೆಯ ಮೇಲೆ 17 ಅಕ್ಷರ, ಅಂಕಿಗಳ ಸಾಲೊಂದಿದೆ, ಅದೇ ಚಾಸಿ ಸಂಖ್ಯೆ. ಕೇಬಲ್ಲುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ತೆಳು ಕಾಗದ ಒತ್ತಿಹಿಡಿದು ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಬೇಕು. ಮೊದಲಿಗೆ ಬರೀ ಬೂದು ಬಣ್ಣ, ಆಮೇಲೆ ತಯಾರಕ ಬಜಾಜಿನ ಗುರುತಾದ ‘ಎಂ.ಡಿ.2’ ಎದ್ದು ಬರುತ್ತದೆ. ಸೊನ್ನೆ, ಒಂದರ ಜೊತೆ ಗೊಂದಲವಾಗದಿರಲೆಂದು ಈ ಸಾಲಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ನಿರೀಕ್ಷಕರು ನನ್ನ ಕಾಗದವನ್ನಷ್ಟೇ ನೋಡಿ ಸಹಿ ಹಾಕಲಿಲ್ಲ. ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, ಅಕ್ಷರಗಳ ಸುತ್ತ ಉಜ್ಜಿದ ಗುರುತೋ ವೆಲ್ಡಿಂಗ್ ಕಲೆಯೋ ಇದೆಯೇ ಎಂದು ಬೆರಳಾಡಿಸಿ ನೋಡಿದರು. ಕದ್ದ ಬೈಕು ರಾಜ್ಯ ದಾಟಿ ಹೊಸ ಹೆಸರು ಪಡೆಯುವುದನ್ನು ತಡೆಯುವುದು ಆ ಬೆರಳೇ. ಇಷ್ಟಕ್ಕೆ ಪೂರ್ಣಾಂಕ ಕೊಡುತ್ತೇನೆ.

ಪುಣೆಯಲ್ಲಿ ಕಟ್ಟಿದ್ದರೂ ಇಲ್ಲಿ ಮತ್ತೆ ಕಟ್ಟಬೇಕಾದ ತೆರಿಗೆಯ ಕೌಂಟರಿಗೆ ಬಂದಾಗ ಈ ಸಂತೋಷವೆಲ್ಲ ಇಳಿಯಿತು. ಮಹಾರಾಷ್ಟ್ರ ಬೈಕಿನ ತೆರಿಗೆ ದರವನ್ನು ಎಂಜಿನ್ನಿನ ಸಿ.ಸಿ. ನೋಡಿ ಹಾಕುತ್ತದೆ, ಕರ್ನಾಟಕ ಬೆಲೆ ನೋಡಿ. ನಮ್ಮಲ್ಲಿ 50 ಸಾವಿರದಿಂದ ಒಂದು ಲಕ್ಷದವರೆಗಿನ ಬೈಕಿಗೆ ಶೇ. 12, ಲಕ್ಷ ದಾಟಿದರೆ ಶೇ. 18, ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ಕಡಿತ, ಮೇಲೆ ಉಪಕರ. ನಾನು ಕೊಂಡಾಗ ಪಲ್ಸರ್ ಲಕ್ಷದ ಒಳಗಿತ್ತು, ಆಮೇಲೆ ಅದೇ ಮಾದರಿ ಲಕ್ಷ ದಾಟಿತು. ಗುಮಾಸ್ತರು ಹೊಸ ಬೆಲೆಯನ್ನೇ ಹಿಡಿದು ಕುಳಿತರು. ಮೂಲ ಬಿಲ್ಲು ಕೈಯಲ್ಲಿ ಇದ್ದುದರಿಂದ ಬಚಾವಾದೆ. ಶೋರೂಮಿನ ಬಿಲ್ಲನ್ನು ಆರ್.ಸಿ.ಯಷ್ಟೇ ಜೋಪಾನವಾಗಿ ಇಡಿ.

ಕಚೇರಿಯ ಎದುರಿನ ದಲ್ಲಾಳಿ ಇದೆಲ್ಲ ತನಗೆ ಬಿಡಿ ಎಂದ. ಅವನು ಮಾರುವುದು ಯಾವ ಕಾಗದದ ಹಿಂದೆ ಯಾವ ಕಾಗದ ಎಂಬ ಕ್ರಮವನ್ನು ಮಾತ್ರ, ಅದೇನೂ ಗುಟ್ಟಲ್ಲ: ನಿರಾಕ್ಷೇಪಣಾ ಪತ್ರ, ನಮೂನೆ 27, ವಿಳಾಸದ ದಾಖಲೆ, ವಿಮೆ, ಹೊಗೆ ತಪಾಸಣೆಯ ಚೀಟಿ, ಪೆನ್ಸಿಲ್ ಅಚ್ಚು, ತಪಾಸಣೆ, ತೆರಿಗೆ.

2021ರ ಸೆಪ್ಟೆಂಬರಿನಲ್ಲಿ ಬಂದ, ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಬಿ.ಎಚ್. (ಭಾರತ್) ಸರಣಿಯ ಸಂಖ್ಯೆ ಇದ್ದರೆ ಈ ಗೋಳೇ ಇಲ್ಲ. ಅದು ಸಿಗುವುದು ಸರ್ಕಾರಿ ಮತ್ತು ಸೇನಾ ನೌಕರರಿಗೆ, ಇಲ್ಲವೇ ನಾಲ್ಕಾದರೂ ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಯ ನೌಕರರಿಗೆ. ನಮ್ಮ ಕಾರ್ಖಾನೆಗೆ ಇರುವುದು ಒಂದೇ ಶೆಡ್ಡು. ಊರೂರು ತಿರುಗುವ ಕೂಲಿ, ಫಿಟ್ಟರ್, ಡ್ರೈವರುಗಳಿಗೆ ಬೇಕಾದ ಸೌಲಭ್ಯವನ್ನು ದೊಡ್ಡ ಕಂಪನಿಯವರಿಗಷ್ಟೇ ಮೀಸಲಿಟ್ಟ ಜಾಣರು ಯಾರೋ!

ಹೊಸ ಸಂಖ್ಯೆ ಬಂತೆಂದರೆ ಹೊಸ ಅತಿ ಸುರಕ್ಷಿತ ನಂಬರ್ ಫಲಕವೂ (ಎಚ್.ಎಸ್.ಆರ್.ಪಿ.) ಬೇಕು. ಹಳೆಯದನ್ನು ಬಿಗಿದ ಸ್ನ್ಯಾಪ್ ಲಾಕನ್ನು ಮುರಿಯದೆ ತೆಗೆಯಲಾಗದು, ಅದೇ ಅದರ ಗುಣ. ಫಿಟ್ಟಿಂಗ್ ಮಾಡಿದ ಹುಡುಗ ಡ್ರಿಲ್ಲನ್ನು ಓರೆಯಾಗಿ ಹಿಡಿದದ್ದು ನೋಡಲಾಗಲಿಲ್ಲ, ಇಸಿದುಕೊಂಡು ನಾನೇ ಕೊರೆದೆ.

ಪುಣೆಯಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಬಹುದು, ಆದರೆ ಇಲ್ಲಿ ಕಟ್ಟಿ, ಹೊಸ ಆರ್.ಸಿ. ಪಡೆದು, ಅದರ ಪ್ರತಿ ಹಿಡಿದು ಅಲ್ಲಿಗೇ ಹೋಗಿ ಕೇಳಬೇಕು. ಎರಡೂ ರಾಜ್ಯಗಳು ಕೆಲಸ ಮಾಡುವುದು ವಾಹನ್ ಎಂಬ ಒಂದೇ ಗಣಕ ದತ್ತಾಂಶದ ಮೇಲೆ. ನನ್ನ ಬಾಕಿ ದಂಡವನ್ನು ಕ್ಷಣದಲ್ಲಿ ಕಾಣುವ ಆ ಯಂತ್ರಕ್ಕೆ ನನಗೆ ಬರಬೇಕಾದ ಹಣವೂ ಕಾಣಬೇಕಿತ್ತು. ಅರ್ಜಿ ಹಾಕಿ ಬಂದಿದ್ದೇನೆ, ಹಣ ಇನ್ನೂ ಬಂದಿಲ್ಲ. ಹಾಗಾಗಿ ಈ ಸೇವೆಗೆ ಐದಕ್ಕೆ ಎರಡೂವರೆ ಅಂಕ, ಅದರಲ್ಲಿ ಎರಡು ಆ ನಿರೀಕ್ಷಕರಿಗೆ.