ನಡೆದು ಚಿತ್ರಿಸುವವರಿಗೆ ಜಲವರ್ಣವೋ, ತೈಲವರ್ಣವೋ?

ಊರಾಚೆ ನಡೆದು, ಕಂಡದ್ದನ್ನು ಕಂಡಲ್ಲಿಯೇ ಚಿತ್ರಿಸಬೇಕೆಂದಿರುವ ತಾವು ಯಾವ ಮಾಧ್ಯಮ ಸೂಕ್ತವೆಂದು ಕೇಳಿದ್ದೀರಿ.

ಹೊರೆಯ ಮಾತು ಬೇಗ ಮುಗಿಯುತ್ತದೆ. ಜಲವರ್ಣಕ್ಕೆ ಅಂಗೈಯಗಲದ ಡಬ್ಬಿ, ಎರಡು ಕುಂಚ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಮತ್ತು ಒಂದು ಬಾಟಲಿ ನೀರು ಸಾಕು. ತೈಲವರ್ಣವು 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ ಪೇಟೆಂಟ್ ಪಡೆದ ಲೋಹದ ಟ್ಯೂಬಿನಿಂದಾಗಿ ಬಯಲಿಗೆ ಒಯ್ಯಲು ಸುಲಭವಾಯಿತಾದರೂ, ಹಸಿ ಚಿತ್ರಕ್ಕೆ ಏನೂ ತಾಗದಂತೆ ಮನೆಗೆ ತರುವುದೇ ಒಂದು ಸಾಹಸ; ಬಣ್ಣ ತೆಳುಗೊಳಿಸುವ, ಬೇಗ ಹೊತ್ತಿಕೊಳ್ಳುವ ಟರ್ಪೆಂಟೈನನ್ನಂತೂ ವಿಮಾನದಲ್ಲಿ ಒಯ್ಯುವಂತಿಲ್ಲ.

ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಹವೆ. ಜಲವರ್ಣವು ನೀರು ಆವಿಯಾಗಿ ಒಣಗುವುದರಿಂದ, ಹಂಪಿಯ ಏಪ್ರಿಲ್ ಬಿಸಿಲಿನಲ್ಲಿ ಬಳಿದ ಬಣ್ಣ ಹರಡುವ ಮೊದಲೇ ಆರಿಬಿಡುತ್ತದೆ, ಆಗುಂಬೆಯ ಮಳೆಗಾಲದಲ್ಲಿ ಎಷ್ಟು ಕಾದರೂ ಆರುವುದಿಲ್ಲ. ತೈಲವರ್ಣದ ಎಣ್ಣೆಯು ಗಾಳಿಯ ಆಮ್ಲಜನಕದೊಂದಿಗೆ ಸೇರಿ ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುವುದರಿಂದ ಎರಡೂ ಕಡೆ ತಾಳ್ಮೆಯಿಂದ ಕೆಲಸ ಮಾಡಬಹುದು. ತಪ್ಪಿದ್ದನ್ನು ಕೆರೆದು ತೆಗೆಯಲೂಬಹುದು. ಜಲವರ್ಣದಲ್ಲಿ ತೆಳು ಬಣ್ಣದಡಿ ಕಾಣುವ ಕಾಗದದ ಬಿಳುಪೇ ಚಿತ್ರದ ಬೆಳಕಾದ್ದರಿಂದ, ಒಮ್ಮೆ ಮುಚ್ಚಿಹೋದ ಬೆಳಕು ಸುಲಭವಾಗಿ ಮರಳದು.

ವೆಚ್ಚದಲ್ಲಿ ತೈಲವರ್ಣವೇ ಸಾಮಾನ್ಯವಾಗಿ ದುಬಾರಿ. ಆದರೆ ಜಲವರ್ಣದ ಕಾಗದದಲ್ಲಿ ಉಳಿತಾಯ ಮಾಡಬೇಡಿ. ಬಾಳಿಕೆಗೆ ಎರಡರಲ್ಲಿಯೂ ಬೆಳಕಿಗೆ ಮಾಸದ ಬಣ್ಣಗಳು ಬೇಕು; ಜಲವರ್ಣಕ್ಕೆ ಮೇಲೆ ಗಾಜೂ ಬೇಕು.

ದಿನಕ್ಕೆ ಹತ್ತು ಕಿಲೋಮೀಟರ್ ನಡೆದು ಐದಾರು ನೋಟಗಳನ್ನು ಹಿಡಿಯುವವರಿಗೆ ಜಲವರ್ಣವೂ, ಒಂದೇ ಊರಿನಲ್ಲಿ ವಾರವಿದ್ದು ಒಂದೇ ಬಂಡೆಯನ್ನು ಪ್ರತಿದಿನ ನೋಡುವವರಿಗೆ ತೈಲವರ್ಣವೂ ಒದಗುತ್ತದೆ. ಪ್ರವಾಸದಲ್ಲಿ ಪೆನ್ಸಿಲ್, ಜಲವರ್ಣಗಳಲ್ಲಿ ಟಿಪ್ಪಣಿ ಮಾಡಿಕೊಂಡು, ಮರಳಿದ ಮೇಲೆ ತೈಲಚಿತ್ರ ರಚಿಸುತ್ತಿದ್ದ ಇಂಗ್ಲೆಂಡಿನ ಚಿತ್ರಕಾರ ಟರ್ನರನ ದಾರಿಯೂ ತಮಗೆ ತೆರೆದೇ ಇದೆ.